ಕೆರೆಯಂಚಿನ ತೋಟಕ್ಕೆ ಗೊಬ್ಬರ: ನಿಯಮದ ಹತ್ತು ಅಡಿಯನ್ನು ಎಲ್ಲಿಂದ ಅಳೆಯಬೇಕು?

ಪ್ರಶ್ನೆ: ನಮ್ಮ ಮನೆಯ ಹಿತ್ತಲು ಇಳಿಜಾರಾಗಿ ಒಂದು ಚಿಕ್ಕ ಕೆರೆಯವರೆಗೆ ಹೋಗುತ್ತದೆ. ಬದಿಯಲ್ಲಿ ಮಳೆಗಾಲದಲ್ಲಿ ಮಾತ್ರ ಹರಿಯುವ ಒಂದು ತೊರೆಯಿದೆ. ಹಿತ್ತಲಿನಲ್ಲಿ ಹುಲ್ಲುಹಾಸು ಮತ್ತು ಕೆಲವು ತರಕಾರಿ ಮಡಿಗಳಿವೆ. ನೀರಿನಂಚಿನಿಂದ ಹತ್ತು ಅಡಿಯೊಳಗೆ ಯಾವುದೇ ಗೊಬ್ಬರ ಹಾಕಬಾರದು, ಹುಲ್ಲುಹಾಸಿಗೆ ರಂಜಕವಿರುವ ಗೊಬ್ಬರ ಬಳಸಬಾರದು, ಮಳೆಯ ತಿಂಗಳುಗಳಲ್ಲಿ ಯಾವ ಗೊಬ್ಬರವನ್ನೂ ಹಾಕಬಾರದು ಎಂದು ಸ್ಥಳೀಯ ಆಡಳಿತ ಈಗ ನಿಯಮ ಮಾಡಿದೆ. ಸುತ್ತಲಿನ ಹೊಲಗಳಿಗೆ ಮೂಟೆಗಟ್ಟಲೆ ಗೊಬ್ಬರ ಬೀಳುವಾಗ ನಾನು ಹಾಕುವ ನಾಲ್ಕು ಹಿಡಿಯಿಂದ ಕೆರೆ ಕೆಡುತ್ತದೆಯೇ? ಸಾವಯವ ಗೊಬ್ಬರಕ್ಕೂ ಈ ನಿಯಮ ಅನ್ವಯಿಸುತ್ತದೆಯೇ? ಹತ್ತು ಅಡಿಯನ್ನು ಎಲ್ಲಿಂದ ಅಳೆಯಬೇಕು?

ಉತ್ತರ: ನೀವು ಕೊನೆಗೆ ಕೇಳಿದ ಪ್ರಶ್ನೆಯೇ ಮೂರರಲ್ಲಿ ಮುಖ್ಯವಾದದ್ದು. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಅಳತೆಯ ಟೇಪು ಹಿಡಿದು ಇವತ್ತು ನೀರು ನಿಂತಿರುವ ಗೆರೆಯಿಂದ ಹತ್ತು ಅಡಿ ಎಣಿಸುವುದು ಬಹುತೇಕ ಎಲ್ಲರೂ ಮಾಡುವ ತಪ್ಪು. ಬೇಸಿಗೆಯಲ್ಲಿ ಆ ಗೆರೆ ಒಳಗೆ ಸರಿದಿರುತ್ತದೆ, ಮಳೆ ಬಂದಾಗ ನೀವು ಗೊಬ್ಬರ ಹಾಕಿದ ಜಾಗವೇ ನೀರಿನಡಿ ಸೇರುತ್ತದೆ. ಇಂತಹ ನಿಯಮಗಳಲ್ಲಿ ಸಾಮಾನ್ಯವಾಗಿ ಅಳತೆಯನ್ನು ದಂಡೆಯ ಮೇಲ್ತುದಿಯಿಂದ, ಅಂದರೆ ಇಳಿಜಾರು ಚೂಪಾಗಿ ನೀರಿನತ್ತ ಬೀಳತೊಡಗುವ ಅಂಚಿನಿಂದ, ಇಲ್ಲವೇ ಕೆರೆ ತುಂಬಿದಾಗ ನೀರು ಸಾಮಾನ್ಯವಾಗಿ ಮುಟ್ಟುವ ಗುರುತಿನಿಂದ ತೆಗೆದುಕೊಳ್ಳುತ್ತಾರೆ. ನಿಮ್ಮ ನಿಯಮದ ವ್ಯಾಖ್ಯಾನಗಳ ಭಾಗವನ್ನು ಓದಿ ಯಾವುದೆಂದು ಖಚಿತಪಡಿಸಿಕೊಳ್ಳಿ. ಅಲ್ಲಿ ಸ್ಪಷ್ಟವಿಲ್ಲದಿದ್ದರೆ ತುಂಬಿದ ಕೆರೆಯ ಗುರುತನ್ನೇ ಹಿಡಿಯಿರಿ. ಮಣ್ಣಿನ ಬಣ್ಣ ಬದಲಾಗುವ ಪಟ್ಟಿ, ಒಣಗಿದ ಕಸಕಡ್ಡಿಗಳು ಸಾಲಾಗಿ ನಿಂತ ಜಾಗ, ನೀರುಗಿಡಗಳು ಮುಗಿದು ನೆಲದ ಹುಲ್ಲು ಆರಂಭವಾಗುವ ಜಾಗ, ಇವು ಆ ಗುರುತನ್ನು ಕಣ್ಣಿಗೆ ತೋರಿಸುತ್ತವೆ. ಬೇಸಿಗೆಯಲ್ಲಿ ಒಣಗಿರುವ ನಿಮ್ಮ ತೊರೆಯನ್ನೂ ಬಿಡುವಂತಿಲ್ಲ. ಕೆಲವು ನಿಯಮಗಳು ವರ್ಷದ ಕೆಲವು ತಿಂಗಳು ಮಾತ್ರ ಹರಿಯುವ ತೊರೆಗಳನ್ನು ಹೆಸರಿಸಿಯೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಆದರೆ ಗೊಬ್ಬರ ಕೊಚ್ಚಿಹೋಗುವುದು ಮಳೆ ಬಿದ್ದಾಗಲೇ, ಆ ತೊರೆ ಹರಿಯುವುದೂ ಆಗಲೇ.

ಇದಕ್ಕಿಂತಲೂ ಹೆಚ್ಚಾಗಿ ಗಮನಿಸಬೇಕಾದದ್ದು ಒಂದಿದೆ. ಅಡಿಗಳಲ್ಲಿ ಬರೆದ ದೂರ ಕಾನೂನಿನ ಅನುಕೂಲಕ್ಕಾಗಿ ಹಾಕಿಕೊಂಡ ಗೆರೆ. ಮಳೆನೀರು ಆ ಗೆರೆಯನ್ನು ನೋಡಿ ನಡೆಯುವುದಿಲ್ಲ. ಮನೆಯ ಮುಂದಿನ ಸಿಮೆಂಟು ಹಾದಿಯ ನೀರು ಚರಂಡಿಗಿಳಿದು, ಆ ಚರಂಡಿ ನೇರವಾಗಿ ಕೆರೆಗೆ ಬಿದ್ದರೆ, ಕೆರೆಯಿಂದ ಮುನ್ನೂರು ಅಡಿ ದೂರದ ಆ ಹಾದಿಯ ಅಂಚು ಹಿತ್ತಲಿನ ಕೊನೆಯ ಹುಲ್ಲಿಗಿಂತ ಕೆರೆಗೆ ಹತ್ತಿರವಾಗುತ್ತದೆ. ಹುಲ್ಲಿನ ಮೇಲೆ ಬಿದ್ದ ಹರಳು ಮಣ್ಣಿಗಿಳಿಯಲು ಅವಕಾಶವಿರುತ್ತದೆ. ಸಿಮೆಂಟಿನ ಮೇಲೆ ಬಿದ್ದದ್ದಕ್ಕೆ ಚರಂಡಿ ಬಿಟ್ಟರೆ ಬೇರೆ ಗತಿಯಿಲ್ಲ. ತಿರುಗುವ ತಟ್ಟೆಯ ಯಂತ್ರದಿಂದ ಗೊಬ್ಬರ ಎರಚಿದ ಮೇಲೆ ಹಾದಿಯತ್ತ ಬಗ್ಗಿ ನೋಡಿ: ಬಿಳಿ, ಬೂದು ಹರಳುಗಳು ಹುಲ್ಲಿನಂಚನ್ನು ದಾಟಿ ನಾಲ್ಕೈದು ಅಡಿಯವರೆಗೂ ಚದುರಿರುತ್ತವೆ, ಇಟ್ಟಿಗೆಗಳ ಸಂದಿನಲ್ಲಿ ಸಾಲುಗಟ್ಟಿ ಕೂತಿರುತ್ತವೆ. ಯೂರಿಯಾದಂತಹ ಹರಳು ಒಂದು ಸಾಧಾರಣ ಮಳೆಯಲ್ಲೇ ಕಣ್ಣೆದುರು ಕರಗಿಹೋಗುತ್ತದೆ. ಗಟ್ಟಿ ನೆಲದ ಮೇಲೆ ಬಿದ್ದ ಗೊಬ್ಬರವನ್ನು ಕೂಡಲೇ ಗುಡಿಸಿ ತೆಗೆಯಬೇಕೆಂಬ ಷರತ್ತು ಎಷ್ಟೋ ನಿಯಮಗಳಲ್ಲಿದೆ. ಜನ ಅದನ್ನು ಸಣ್ಣ ವಿಷಯವೆಂದು ದಾಟಿಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ನಿಯಮದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಸಾಲು ಅದೇ.

ಈಗ ನಾಲ್ಕು ಹಿಡಿಯ ಪ್ರಶ್ನೆ. ಇದಕ್ಕೆ ಲೆಕ್ಕ ಹಾಕಿ ಉತ್ತರಿಸುವುದೇ ಸರಿ. ಚೀಲದ ಮೇಲಿನ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ಗಳ ಶೇಕಡಾ ಪ್ರಮಾಣ. ನಡುವಿನ ಅಂಕಿ ಮಾತ್ರ ಶುದ್ಧ ರಂಜಕದ್ದಲ್ಲ, ಅದರ ಆಕ್ಸೈಡಿನ ಲೆಕ್ಕ. ಅದನ್ನು 0.44ರಿಂದ ಗುಣಿಸಿದರೆ ನಿಜವಾದ ರಂಜಕ ಸಿಗುತ್ತದೆ. 10-10-10 ಎಂದು ಬರೆದ 20 ಕಿಲೋ ಚೀಲದಲ್ಲಿ ಆಕ್ಸೈಡಿನ ಲೆಕ್ಕದಲ್ಲಿ 2 ಕಿಲೋ, ಶುದ್ಧ ರಂಜಕದ ಲೆಕ್ಕದಲ್ಲಿ ಸುಮಾರು 870 ಗ್ರಾಂ ಇರುತ್ತದೆ. ನಿಮ್ಮ ಕೆರೆ ಒಂದು ಹೆಕ್ಟೇರು ವಿಸ್ತಾರ, ಸರಾಸರಿ ಎರಡು ಮೀಟರು ಆಳ ಎಂದಿಟ್ಟುಕೊಂಡರೆ ಅದರಲ್ಲಿ 2 ಕೋಟಿ ಲೀಟರು ನೀರಿದೆ. ಆ ಒಂದು ಚೀಲದ ರಂಜಕವೆಲ್ಲ ಕೆರೆ ಸೇರಿದರೆ ಲೀಟರಿಗೆ ಸುಮಾರು 43 ಮೈಕ್ರೋಗ್ರಾಂ ಏರುತ್ತದೆ. ಒಟ್ಟು ರಂಜಕ ಲೀಟರಿಗೆ ಸುಮಾರು 12 ಮೈಕ್ರೋಗ್ರಾಂಗಿಂತ ಕಡಿಮೆಯಿರುವ ಕೆರೆಯನ್ನು ತಿಳಿನೀರಿನ ಕೆರೆಯೆಂದೂ, 24ನ್ನು ದಾಟಿದ್ದನ್ನು ಪೋಷಕಾಂಶ ಹೆಚ್ಚಾಗಿ ಪಾಚಿಗಟ್ಟುವ ಕೆರೆಯೆಂದೂ ಸರೋವರ ವಿಜ್ಞಾನದಲ್ಲಿ ವಿಂಗಡಿಸುವ ರೂಢಿಯಿದೆ. ಅಂದರೆ ತಿಳಿನೀರಿನ ಕೆರೆಯನ್ನು ಹಸಿರು ಕೆರೆಯಾಗಿಸಲು ಬೇಕಾದ ರಂಜಕ ಒಬ್ಬರು ಹೆಗಲ ಮೇಲೆ ಹೊರಬಹುದಾದ ಚೀಲದೊಳಗೇ ಇದೆ. ಇಡೀ ಚೀಲ ಎಂದೂ ಕೆರೆ ಸೇರುವುದಿಲ್ಲ ಎಂಬುದು ನಿಜ. ನೂರರಲ್ಲಿ ಐದು ಪಾಲು ಮಾತ್ರ ಸೇರಿತೆಂದರೂ ಲೀಟರಿಗೆ ಎರಡು ಮೈಕ್ರೋಗ್ರಾಂ ಆಗುತ್ತದೆ, ಕೆರೆಯ ಸುತ್ತ ಇಪ್ಪತ್ತು ಮನೆಗಳಿದ್ದರೆ ನಲವತ್ತು. ನೀವು ಬಳಸುವುದು 18-46-0 ಎಂಬ ಡಿಎಪಿಯಾದರೆ ಲೆಕ್ಕ ಇನ್ನೂ ಬಿಗಿಯಾಗುತ್ತದೆ, ಏಕೆಂದರೆ 50 ಕಿಲೋ ಮೂಟೆಯೊಂದರಲ್ಲಿ ಹತ್ತು ಕಿಲೋ ಶುದ್ಧ ರಂಜಕವಿರುತ್ತದೆ.

ರಂಜಕವನ್ನೇ ಏಕೆ ಬೆರಳಿಟ್ಟು ತೋರಿಸುತ್ತಾರೆ ಎಂಬುದಕ್ಕೆ ಒಂದು ಪ್ರಯೋಗ ಬಹಳ ಪ್ರಸಿದ್ಧವಾಗಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 226 ಎಂಬ ಸಂಖ್ಯೆಯಿಂದಲೇ ಗುರುತಿಸುವ ಒಂದು ಸರೋವರವನ್ನು 1973ರಲ್ಲಿ ಸರೋವರ ವಿಜ್ಞಾನಿ ಡೇವಿಡ್ ಷಿಂಡ್ಲರ್ ಮತ್ತು ಅವರ ಸಂಗಡಿಗರು ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಭಾಗ ಮಾಡಿದರು. ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕವನ್ನು ಸೇರಿಸಿದರು, ಇನ್ನೊಂದು ಭಾಗಕ್ಕೆ ಇವೆರಡರ ಜೊತೆ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಭಾಗ ಪಾಚಿಯಿಂದ ತುಂಬಿ ಹಸಿರಾಯಿತು, ಇನ್ನೊಂದು ಭಾಗ ಮೊದಲಿನಂತೆಯೇ ಉಳಿಯಿತು. ಆಕಾಶದಿಂದ ತೆಗೆದ ಅದರ ಚಿತ್ರದಲ್ಲಿ ಪರದೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಕಪ್ಪು. ಕಾರಣ ಪಾಚಿಯ ದೇಹರಚನೆಯಲ್ಲಿದೆ. ಅದರಲ್ಲಿ ಸರಾಸರಿ ಒಂದು ರಂಜಕದ ಪರಮಾಣುವಿಗೆ 16 ಸಾರಜನಕದವು, 106 ಇಂಗಾಲದವು ಇರುತ್ತವೆ. ತೂಕದಲ್ಲಿ ಹೇಳುವುದಾದರೆ ಒಂದು ಗ್ರಾಂ ರಂಜಕ ಸುಮಾರು 41 ಗ್ರಾಂ ಇಂಗಾಲವನ್ನು ಕಟ್ಟಿಕೊಂಡು ಬೆಳೆಯುತ್ತದೆ. ಇಂಗಾಲ ಗಾಳಿಯಿಂದ ಸಿಗುತ್ತದೆ. ಸಾರಜನಕ ಕಡಿಮೆಯಾದರೆ ನೀಲಿಹಸಿರು ಪಾಚಿಯ ಕೆಲವು ಜಾತಿಗಳು ಅದನ್ನೂ ಗಾಳಿಯಿಂದಲೇ ಹೀರಿಕೊಳ್ಳುತ್ತವೆ. ರಂಜಕಕ್ಕೆ ಮಾತ್ರ ಗಾಳಿಯಲ್ಲಿ ಭಂಡಾರವಿಲ್ಲ. ಅದು ನೆಲದಿಂದಲೇ ಬರಬೇಕು.

ಹೀಗೆ ಬೆಳೆದ ಪಾಚಿ ನೋಟಕ್ಕೆ ಕೆಟ್ಟದ್ದು ಎಂಬಷ್ಟಕ್ಕೇ ವಿಷಯ ಮುಗಿಯುವುದಿಲ್ಲ. ಹಗಲು ಆಮ್ಲಜನಕ ಬಿಡುವ ಅದೇ ಪಾಚಿ ರಾತ್ರಿ ಅದನ್ನು ಉಸಿರಾಡಿ ಮುಗಿಸುತ್ತದೆ. ಸತ್ತು ತಳಕ್ಕಿಳಿದಾಗ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಉಳಿದದ್ದನ್ನೂ ಬಳಸಿಕೊಳ್ಳುತ್ತವೆ, ಬೆಳಗಿನ ಜಾವಕ್ಕೆ ಮೀನುಗಳು ಬಾಯಿ ತೆರೆದುಕೊಂಡು ಮೇಲೆ ತೇಲುತ್ತವೆ. ನೀಲಿಹಸಿರು ಪಾಚಿಯ ಕೆಲವು ಜಾತಿಗಳು ಯಕೃತ್ತಿಗೆ ಹಾನಿ ಮಾಡುವ ಮೈಕ್ರೋಸಿಸ್ಟಿನ್ ಎಂಬ ವಿಷವನ್ನೂ ಸ್ರವಿಸುತ್ತವೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದಲ್ಲಿ ಈರಿ ಸರೋವರದಿಂದ ಬರುವ ನೀರಿನಲ್ಲಿ ಈ ವಿಷ ಕಂಡುಬಂದು, ನಗರ ಮತ್ತು ಸುತ್ತಲಿನ ಸುಮಾರು ನಾಲ್ಕು ಲಕ್ಷ ಜನರಿಗೆ ನಲ್ಲಿಯ ನೀರು ಕುಡಿಯಬೇಡಿ ಎಂದು ಆದೇಶ ಹೊರಡಿಸಬೇಕಾಯಿತು. ಕುದಿಸಿ ಕುಡಿಯಿರಿ ಎಂದೂ ಹೇಳುವಂತಿರಲಿಲ್ಲ, ಏಕೆಂದರೆ ಕುದಿಸಿದಾಗ ಈ ವಿಷ ನಾಶವಾಗುವುದಿಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಸಾರಜನಕದ ದಾರಿ ಬೇರೆ. ರಂಜಕ ಮಣ್ಣಿನ ಜೇಡಿ, ಕಬ್ಬಿಣ, ಸುಣ್ಣದ ಕಣಗಳಿಗೆ ಅಂಟಿಕೊಂಡು ಮುಖ್ಯವಾಗಿ ಮಣ್ಣು ಕೊಚ್ಚಿದಾಗ ಹೋಗುತ್ತದೆ. ಸಾರಜನಕದ ನೈಟ್ರೇಟ್ ರೂಪ ಯಾವುದಕ್ಕೂ ಅಂಟದೆ ನೀರಿನ ಜೊತೆಯೇ ಕೆಳಗಿಳಿದು ಬಾವಿ, ಬುಗ್ಗೆಗಳನ್ನು ಸೇರುತ್ತದೆ. ಕುಡಿಯುವ ನೀರಿನಲ್ಲಿ ಅದು ಹೆಚ್ಚಾದರೆ ಹಸುಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟ 1991ರ ನೈಟ್ರೇಟ್ ನಿರ್ದೇಶನದಲ್ಲಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡದ್ದರ ಹಿಂದೆ ಈ ಕಾಳಜಿಯಿದೆ. ಮಣ್ಣು ಕೊಚ್ಚದಂತೆ ತಡೆದ ಮಾತ್ರಕ್ಕೆ ಸಾರಜನಕ ನಿಲ್ಲುವುದಿಲ್ಲ. ಅದನ್ನು ಮುಖ್ಯವಾಗಿ ನಿಲ್ಲಿಸುವುದು ಬೆಳೆಯುತ್ತಿರುವ ಬೇರು.

ನಿಮ್ಮ ಊರಿನ ನಿಯಮ ಒಂಟಿಯಾಗಿ ಹುಟ್ಟಿದ್ದಲ್ಲ. ಹುಲ್ಲುಹಾಸಿಗೆ ರಂಜಕ ಬೇಡವೆಂಬ ಕಾನೂನನ್ನು ಅಮೆರಿಕದ ಮಿನ್ನೆಸೋಟ ರಾಜ್ಯ 2002ರಲ್ಲಿ ಮಾಡಿ, 2004ರಲ್ಲಿ ಮಹಾನಗರ ಪ್ರದೇಶದಲ್ಲೂ 2005ರಿಂದ ರಾಜ್ಯದುದ್ದಕ್ಕೂ ಜಾರಿಗೆ ತಂದಿತು. ಮಣ್ಣಿನ ಪರೀಕ್ಷೆಯಲ್ಲಿ ರಂಜಕ ಕೊರತೆ ಕಂಡವರಿಗೆ ಮತ್ತು ಹೊಸದಾಗಿ ಹುಲ್ಲು ಬಿತ್ತುವವರಿಗೆ ವಿನಾಯಿತಿ ಕೊಟ್ಟಿತು. ದೂರದ ವಿಷಯದಲ್ಲಿ ಒಮ್ಮತವಿಲ್ಲ. ನ್ಯೂಜೆರ್ಸಿ 25 ಅಡಿ ಎನ್ನುತ್ತದೆ, ಗೊಬ್ಬರ ಪಕ್ಕಕ್ಕೆ ಸಿಡಿಯದಂತೆ ತಡೆಯುವ ಯಂತ್ರ ಬಳಸಿದರೆ ಹತ್ತಕ್ಕೆ ಇಳಿಸುತ್ತದೆ. ನ್ಯೂಯಾರ್ಕ್ 20 ಅಡಿ ಎಂದು ಹೇಳಿ, ನೀರಿನಂಚಿನಲ್ಲಿ ಹತ್ತು ಅಡಿ ಅಗಲದ ಸಹಜ ಗಿಡಪೊದೆಯ ಪಟ್ಟಿಯಿದ್ದರೆ ಆ ನಿರ್ಬಂಧವನ್ನು ಸಡಿಲಿಸುತ್ತದೆ. ಇಂಗ್ಲೆಂಡಿನಲ್ಲಿ 2018ರಿಂದ ಜಾರಿಯಲ್ಲಿರುವ ಕೃಷಿ ನಿಯಮಗಳು ಕಾರ್ಖಾನೆಯ ಗೊಬ್ಬರಕ್ಕೆ ತೊರೆ, ಕೆರೆಗಳಿಂದ 2 ಮೀಟರು ದೂರವಿಟ್ಟರೆ, ಸಗಣಿ ಮುಂತಾದ ಸಾವಯವ ಗೊಬ್ಬರಕ್ಕೆ 10 ಮೀಟರು, ಬಾವಿ ಬುಗ್ಗೆಗಳಿಂದಾದರೆ 50 ಮೀಟರು ಎಂದು ವಿಧಿಸುತ್ತವೆ.

ಈ ಕೊನೆಯ ಅಂಕಿಗಳಲ್ಲಿ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರ ಅಡಗಿದೆ. ಸಾವಯವ ಎಂದಾಕ್ಷಣ ಕೆರೆಗೆ ನಿರಪಾಯಕಾರಿ ಎಂದು ಭಾವಿಸುವುದು ಸರಿಯಲ್ಲ. ಇಂಗ್ಲೆಂಡಿನ ನಿಯಮ ಅದಕ್ಕೆ ಐದು ಪಟ್ಟು ಹೆಚ್ಚು ದೂರವನ್ನೇ ಇಟ್ಟಿದೆ. ಪಾಚಿ ಹೀರುವುದು ರಂಜಕವನ್ನು, ಅದು ಕಾರ್ಖಾನೆಯಿಂದ ಬಂತೋ ಕೊಟ್ಟಿಗೆಯಿಂದ ಬಂತೋ ಎಂದು ಅದು ವಿಚಾರಿಸುವುದಿಲ್ಲ. ಗಿಡಗಳಿಗೆ ರಂಜಕಕ್ಕಿಂತ ಹಲವು ಪಟ್ಟು ಹೆಚ್ಚು ಸಾರಜನಕ ಬೇಕಾಗುತ್ತದೆ, ಆದರೆ ಕೋಳಿಗೊಬ್ಬರದಲ್ಲಿ ಇವೆರಡೂ, ಚೀಲದ ಮೇಲಿನ ಲೆಕ್ಕದಲ್ಲಿ, ಹೆಚ್ಚುಕಡಿಮೆ ಸಮವಾಗಿರುತ್ತವೆ. ಆದ್ದರಿಂದ ಸಾರಜನಕದ ಅಗತ್ಯ ಪೂರೈಸುವಷ್ಟು ಕೋಳಿಗೊಬ್ಬರವನ್ನು ವರ್ಷ ವರ್ಷ ಹಾಕುತ್ತ ಹೋದರೆ ಬೇಡದ ರಂಜಕ ಮಣ್ಣಿನಲ್ಲಿ ಜಮೆಯಾಗುತ್ತ ಹೋಗುತ್ತದೆ. ತರಕಾರಿ ಮಡಿಗಳನ್ನು ಬಹಳ ಅಕ್ಕರೆಯಿಂದ ನೋಡಿಕೊಳ್ಳುವವರ ಮಣ್ಣಿನಲ್ಲೇ ಎಷ್ಟೋ ಸಲ ಅತಿ ಹೆಚ್ಚು ರಂಜಕ ಕಂಡುಬರುತ್ತದೆ. ಆದರೂ ಸಾವಯವ ಗೊಬ್ಬರದ ಪರವಾಗಿ ಒಂದು ಮಾತು ಹೇಳಲೇಬೇಕು: ಚೆನ್ನಾಗಿ ಕಳಿತ ಕಾಂಪೋಸ್ಟ್ ಮಣ್ಣನ್ನು ಸಡಿಲಗೊಳಿಸಿ ನೀರು ಇಂಗುವಂತೆ ಮಾಡುತ್ತದೆ, ಅದರಿಂದ ಹರಿದುಹೋಗುವ ನೀರೇ ಕಡಿಮೆಯಾಗುತ್ತದೆ. ಆ ಕಾರಣಕ್ಕೆ ಕೆಲವು ಕಾನೂನುಗಳು ಕಾಂಪೋಸ್ಟನ್ನು ಗೊಬ್ಬರದ ವ್ಯಾಖ್ಯಾನದಿಂದ ಹೊರಗಿಟ್ಟಿವೆ. ನಿಮ್ಮ ನಿಯಮದಲ್ಲಿ ‘ಯಾವುದೇ ಗೊಬ್ಬರ’ ಎಂದಿರುವುದರಿಂದ, ಕಾಂಪೋಸ್ಟಿಗೆ ಪ್ರತ್ಯೇಕ ವಿನಾಯಿತಿ ಬರೆದಿಲ್ಲವಾದರೆ ಹತ್ತು ಅಡಿಯೊಳಗೆ ಅದನ್ನೂ ಹಾಕುವಂತಿಲ್ಲ.

ಮಳೆಯ ತಿಂಗಳುಗಳ ನಿಷೇಧದ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯವಿದೆ. ಫ್ಲಾರಿಡಾದ ಪಿನೆಲಸ್ ಕೌಂಟಿಯಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಸಾರಜನಕ ಅಥವಾ ರಂಜಕವಿರುವ ಗೊಬ್ಬರವನ್ನು ಹುಲ್ಲುಹಾಸಿಗೆ ಹಾಕುವಂತಿಲ್ಲ. ಹುಲ್ಲು ಅತ್ಯಂತ ಹುರುಪಿನಿಂದ ಬೆಳೆದು ಸಾರಜನಕವನ್ನು ಹೀರುವುದು ಅದೇ ತಿಂಗಳುಗಳಲ್ಲಿ, ಆಗ ಹಸಿವಿನಲ್ಲಿಟ್ಟರೆ ಹುಲ್ಲು ತೆಳುವಾಗಿ ಮಣ್ಣು ಬಯಲಾಗುತ್ತದೆ ಎಂಬುದು ಒಂದು ವಾದ. ದಿನವೂ ಮಳೆ ಸುರಿಯುವ ಕಾಲದಲ್ಲಿ ಎಷ್ಟು ಜಾಗ್ರತೆಯಿಂದ ಹಾಕಿದರೂ ಒಂದು ಪಾಲು ಕೊಚ್ಚಿಹೋಗಿಯೇ ತೀರುತ್ತದೆ ಎಂಬುದು ಇನ್ನೊಂದು. ತಿಳಿದವರು ಅಳೆದು ತೂಗಿ ಹಾಕುವುದಾದರೆ ಮೊದಲನೆಯ ವಾದಕ್ಕೆ ತೂಕವಿದೆ. ಆದರೆ ನಿಯಮಗಳು ಎಲ್ಲರಿಗಾಗಿ ಬರೆದವು, ನಾಳೆಯ ಮಳೆಯನ್ನು ನೋಡದೆ ಇವತ್ತು ರಜೆಯೆಂದು ಗೊಬ್ಬರ ಎರಚುವವರೇ ಹೆಚ್ಚು. ನಿಮ್ಮದು ಇಳಿಜಾರಾದ ಜಾಗ, ಕೆಳಗೆ ಕೆರೆ, ಪಕ್ಕದಲ್ಲಿ ತೊರೆ. ಇಂತಹ ಕಡೆ ನಾನು ನಿಷೇಧದ ಪರವಾಗಿಯೇ ನಿಲ್ಲುತ್ತೇನೆ.

ಹಾಗಾದರೆ ಏನು ಮಾಡಬೇಕು ಎಂದರೆ, ಮೊದಲು ಮಣ್ಣಿನ ಪರೀಕ್ಷೆ. ಹುಲ್ಲುಹಾಸಿನದೊಂದು, ತರಕಾರಿ ಮಡಿಗಳದೊಂದು ಎಂದು ಎರಡು ಮಾದರಿ ಬೇರೆಬೇರೆಯಾಗಿ ತೆಗೆಯಿರಿ. ಪ್ರತಿಯೊಂದಕ್ಕೂ ಹತ್ತು ಹನ್ನೆರಡು ಕಡೆಯಿಂದ ಅಗೆದ ಮಣ್ಣನ್ನು ಬೆರೆಸಿ ಅದರಲ್ಲಿ ಪ್ರಯೋಗಾಲಯ ಕೇಳುವಷ್ಟನ್ನು ಕಳಿಸಿದರೆ ಸಾಕು. ಬೇರೂರಿ ಹಲವು ವರ್ಷವಾದ ಹುಲ್ಲಿಗೆ ಸಾಮಾನ್ಯವಾಗಿ ಹೊರಗಿನ ರಂಜಕ ಬೇಕಾಗುವುದಿಲ್ಲ, ಆದ್ದರಿಂದ ನಡುವಿನ ಅಂಕಿ ಸೊನ್ನೆಯಾಗಿರುವ ಚೀಲವನ್ನು ಆರಿಸಿಕೊಳ್ಳುವುದರಿಂದ ನಿಮಗೇನೂ ನಷ್ಟವಿಲ್ಲ. ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ನಿಧಾನವಾಗಿ ಬಿಡುಗಡೆಯಾಗುವ ರೂಪದಲ್ಲಿದ್ದರೆ ಒಳ್ಳೆಯದು. ಒಂದೇ ಸಲ ಹಾಕುವುದನ್ನು ಎರಡು ಮೂರು ಕಂತುಗಳಾಗಿ ಮಾಡಿ, ಮುಂದಿನ ಎರಡು ದಿನ ಜೋರು ಮಳೆಯ ಮುನ್ಸೂಚನೆ ಇಲ್ಲದಾಗ ಹಾಕಿ, ನಂತರ ಸುಮಾರು ಆರು ಮಿಲಿಮೀಟರಿನಷ್ಟು ನೀರು ಹನಿಸಿ. ಅದರಿಂದ ಗೊಬ್ಬರ ಬೇರಿನವರೆಗೆ ಇಳಿಯುತ್ತದೆ, ಹರಿದುಹೋಗುವಷ್ಟು ನೀರಾಗುವುದಿಲ್ಲ, ಯೂರಿಯಾದ ಸಾರಜನಕ ಅಮೋನಿಯವಾಗಿ ಹಾರಿಹೋಗುವುದೂ ತಪ್ಪುತ್ತದೆ. ಯಂತ್ರಕ್ಕೆ ಗೊಬ್ಬರ ತುಂಬುವುದನ್ನು, ಅದನ್ನು ತೊಳೆಯುವುದನ್ನು ಸಿಮೆಂಟಿನ ಮೇಲೆ ಮಾಡಬೇಡಿ, ಹುಲ್ಲಿನ ಮೇಲೆ ಮಾಡಿ. ಕತ್ತರಿಸಿದ ಹುಲ್ಲನ್ನು ಅಲ್ಲೇ ಬಿಡಿ: ಒಣತೂಕದಲ್ಲಿ ಅದರಲ್ಲಿ ಸುಮಾರು ನಾಲ್ಕು ಶೇಕಡಾ ಸಾರಜನಕವಿರುತ್ತದೆ, ಅಷ್ಟು ಗೊಬ್ಬರ ಕೊಳ್ಳುವುದು ಉಳಿಯುತ್ತದೆ.

ನಿಷೇಧದ ಹತ್ತು ಅಡಿಯನ್ನು ಬೋಳು ಪಟ್ಟಿಯಾಗಿಯೋ ಚಿಕ್ಕದಾಗಿ ಕತ್ತರಿಸಿದ ಹುಲ್ಲಾಗಿಯೋ ಬಿಟ್ಟರೆ ಅರ್ಧ ಲಾಭ ಮಾತ್ರ. ಅಲ್ಲಿ ಎತ್ತರವಾಗಿ, ಒತ್ತಾಗಿ ಬೆಳೆಯುವ ಸ್ಥಳೀಯ ಹುಲ್ಲು, ಪೊದೆಗಳನ್ನು ಬಿಡಿ. ಇಳಿದುಬರುವ ನೀರು ಅವುಗಳ ಕಾಂಡಗಳ ನಡುವೆ ವೇಗ ಕಳೆದುಕೊಂಡು, ಹೊತ್ತು ತಂದ ಮಣ್ಣನ್ನು ಅಲ್ಲೇ ಇಳಿಸುತ್ತದೆ. ಇದು ಕೆಲಸ ಮಾಡುವುದು ನೀರು ಹಾಳೆಯಂತೆ ಹರಡಿ ಬಂದಾಗ ಮಾತ್ರ ಎಂಬುದನ್ನು ಮರೆಯಬೇಡಿ. ಒಂದು ಕಡೆ ಕೊರಕಲು ಬಿದ್ದು ನೀರೆಲ್ಲ ಅದರಲ್ಲೇ ನುಗ್ಗುತ್ತಿದ್ದರೆ ಪಟ್ಟಿ ಎಷ್ಟು ಅಗಲವಿದ್ದರೂ ವ್ಯರ್ಥ. ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ಹಿತ್ತಲಿನಲ್ಲಿ ಒಂದು ಸುತ್ತು ಬನ್ನಿ, ಕಂದು ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ ಗುರುತಿಗೆ ಗೂಟ ನೆಡಿ. ಕೊರಕಲಿನ ಬಾಯಿಗೆ ಕಲ್ಲು ಜೋಡಿಸಿ ನೀರನ್ನು ಎರಡು ಬದಿಗೆ ಚೆದುರಿಸುವುದು ಅರ್ಧ ದಿನದ ಕೆಲಸ.

ಹೊಲಗಳ ಬಗ್ಗೆ ನಿಮಗಿರುವ ಅಸಮಾಧಾನ ನ್ಯಾಯವಾದದ್ದೇ. ಹೊಲಗಳಿಂದ ಸುತ್ತುವರಿದ ಜಲಾನಯನದಲ್ಲಿ ರಂಜಕದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ, ಹುಲ್ಲುಹಾಸಿನ ನಿಯಮ ಅದನ್ನು ಮುಟ್ಟುವುದಿಲ್ಲ. ಆದರೆ ಮನೆಗಳೇ ತುಂಬಿದ ಕಡೆ ಫಲಿತಾಂಶ ಕಂಡದ್ದುಂಟು. ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ನಗರ ಹುಲ್ಲುಹಾಸಿನ ರಂಜಕಕ್ಕೆ ನಿರ್ಬಂಧ ತಂದ ಮೇಲೆ ಹ್ಯೂರಾನ್ ನದಿಯಲ್ಲಿ ಒಟ್ಟು ರಂಜಕ ಸರಾಸರಿ ಶೇಕಡಾ 28ರಷ್ಟು ಇಳಿದದ್ದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಅದೇ ಅವಧಿಯಲ್ಲಿ ಜನಜಾಗೃತಿಯ ಕೆಲಸವೂ ನಡೆದಿದ್ದರಿಂದ ಅಷ್ಟನ್ನೂ ನಿಯಮದ ಲೆಕ್ಕಕ್ಕೇ ಬರೆಯುವಂತಿಲ್ಲ. ಗೊಬ್ಬರವಷ್ಟೇ ಅಪರಾಧಿಯೂ ಅಲ್ಲ: ವಿಸ್ಕಾನ್ಸಿನ್‌ನ ಮ್ಯಾಡಿಸನ್ ನಗರದಲ್ಲಿ ಎಲೆ ಉದುರುವ ಕಾಲದಲ್ಲಿ ಮಳೆಗೆ ಮೊದಲೇ ಬೀದಿಯ ಎಲೆಗಳನ್ನು ಗುಡಿಸಿ ತೆಗೆದ ಬಡಾವಣೆಯಲ್ಲಿ ಮಳೆನೀರಿನ ಒಟ್ಟು ರಂಜಕ ಶೇಕಡಾ 84ರಷ್ಟು ಕಡಿಮೆಯಾಗಿತ್ತು. ಹುಲ್ಲಿಗೆ ಸೊನ್ನೆ ರಂಜಕದ ಗೊಬ್ಬರ ಹಾಕಿ, ತರಗೆಲೆಯನ್ನು ಚರಂಡಿಗೆ ತಳ್ಳುವವರು ಒಂದು ಕೈಯಿಂದ ಉಳಿಸಿದ್ದನ್ನು ಇನ್ನೊಂದು ಕೈಯಿಂದ ಕಳೆಯುತ್ತಾರೆ.

ಇಷ್ಟೆಲ್ಲ ಮಾಡಿದರೂ ಮುಂದಿನ ವರ್ಷವೇ ಕೆರೆ ತಿಳಿಯಾಗುತ್ತದೆ ಎಂದು ನಿರೀಕ್ಷಿಸಬೇಡಿ. ವರ್ಷಗಳಿಂದ ತಳದ ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿ ಕೂತ ರಂಜಕ, ತಳದ ನೀರಿನಲ್ಲಿ ಆಮ್ಲಜನಕ ಮುಗಿದಾಗಲೆಲ್ಲ ಬಿಡಿಸಿಕೊಂಡು ಮತ್ತೆ ಮೇಲೆ ಬರುತ್ತದೆ. ಹೊರಗಿನಿಂದ ಬರುವುದು ನಿಂತ ಮೇಲೂ ಈ ಹಳೆಯ ಸಾಲ ತೀರಲು ಕೆಲವು ಕೆರೆಗಳಿಗೆ ಹತ್ತು ವರ್ಷಕ್ಕೂ ಮೀರಿ ಬೇಕಾಗಿದೆ. ಪಾಚಿ ಕಡಿಮೆಯಾಗಿಲ್ಲವೆಂದು ಮೂರನೆಯ ವರ್ಷಕ್ಕೆ ನಿಯಮವನ್ನು ಕೈಬಿಡಬೇಕೆಂಬ ಕೂಗು ಏಳುವುದು ಇದೇ ಕಾರಣಕ್ಕೆ. ನಿಮ್ಮ ಕಡೆ ಅಂತಹ ಚರ್ಚೆ ಬಂದರೆ ಕೆರೆಯ ಬಣ್ಣವನ್ನು ನೋಡಿ ತೀರ್ಮಾನಿಸಬೇಡಿ, ಕೆರೆಗೆ ಒಳಬರುವ ತೊರೆಯ ನೀರಿನ ರಂಜಕದ ಅಳತೆಯನ್ನು ಕೇಳಿ. ಅದಕ್ಕಾಗಿ ಈ ವರ್ಷದ ಮೊದಲ ಮಳೆಯಲ್ಲೇ ನಿಮ್ಮ ಹಿತ್ತಲ ಪಕ್ಕದ ತೊರೆಯಿಂದ ಒಂದು ಸ್ವಚ್ಛ ಸೀಸೆಯಲ್ಲಿ ನೀರು ಹಿಡಿದು, ತಂಪಾಗಿಟ್ಟು, ಅದೇ ದಿನ ಪ್ರಯೋಗಾಲಯಕ್ಕೆ ತಲುಪಿಸಿ, ದಿನಾಂಕದೊಂದಿಗೆ ಫಲಿತಾಂಶವನ್ನು ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸಲು ಆ ಮೊದಲ ಅಂಕಿ ಬೇಕಾಗುತ್ತದೆ.